ಸಿಮ್ಯುಲೇಟರ್‌ನಲ್ಲಿ ಯುದ್ಧವಿಮಾನದ ಸ್ಕ್ರೀನ್‌ಶಾಟ್: ಮೊದಲು ಹಾರಿಸಿ, ಆಮೇಲೆ ಚಿತ್ರ ತೆಗೆಯಿರಿ

ವಿಮಾನ ನಡೆಸುವ ಸ್ಟಿಕ್ ಹಿಡಿದುಕೊಂಡೇ ಸ್ಕ್ರೀನ್‌ಶಾಟ್ ತೆಗೆಯಲು ಹೋದರೆ ಹಾರಾಟವೂ ಕೆಡುತ್ತದೆ, ಚಿತ್ರವೂ ಕೆಡುತ್ತದೆ. ಇವೆರಡನ್ನೂ ಬೇರೆ ಬೇರೆ ಹೊತ್ತಿಗೆ ಮಾಡಬೇಕು. ಮೊದಲು ಹಾರಿಸಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ರೀಪ್ಲೇ ಹಾಕಿ, ಬೇಕಾದ ಕ್ಷಣದಲ್ಲಿ ನಿಲ್ಲಿಸಿ, ಕ್ಯಾಮೆರಾವನ್ನು ವಿಮಾನದ ಸುತ್ತ ನಿಧಾನವಾಗಿ ಓಡಾಡಿಸಿ. ಇಲ್ಲಿರುವ ವಿವರ ಹೆಚ್ಚಾಗಿ, ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಆಟವಾದ ಡಿಸಿಎಸ್ ವರ್ಲ್ಡ್‌ಗೆ ಸೇರಿದ್ದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಬೇಕಾದದ್ದು ಅಲ್ಲಲ್ಲಿ ಬರುತ್ತದೆ. ಕೀಗಳನ್ನೆಲ್ಲ ಡಿಫಾಲ್ಟ್ ಸೆಟ್ಟಿಂಗ್‌ನಂತೆ ಕೊಟ್ಟಿದೆ.

ಕೀ ಒತ್ತಿದರೂ ಚಿತ್ರ ಬರದಿದ್ದರೆ

ಡಿಸಿಎಸ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಒತ್ತಿದರೆ ಚಿತ್ರವು ಸೇವ್ಡ್ ಗೇಮ್ಸ್ ಫೋಲ್ಡರ್‌ನ ಡಿಸಿಎಸ್ ಒಳಗಿರುವ ಸ್ಕ್ರೀನ್‌ಶಾಟ್ಸ್ ಫೋಲ್ಡರ್‌ಗೆ ಹೋಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಹೆಚ್ಚಿನ ಸಲ ಆ ಕೀಯನ್ನು ಬೇರೆ ಯಾವುದೋ ಪ್ರೋಗ್ರಾಮ್ ನಡುವೆ ಕಸಿದುಕೊಂಡಿರುತ್ತದೆ. ವಿಂಡೋಸ್ 11ರಲ್ಲಿ ಆ ಕೀ ಒತ್ತಿದರೆ ಸ್ನಿಪ್ಪಿಂಗ್ ಟೂಲ್ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್‌ಗೆ ಹೋಗಿ ಅದನ್ನು ಆಫ್ ಮಾಡಿ. ಒನ್‌ಡ್ರೈವ್ ಕೂಡ ಇದೇ ಕೆಲಸ ಮಾಡುವುದುಂಟು. ಲ್ಯಾಪ್‌ಟಾಪ್ ಆದರೆ ಜೊತೆಗೆ ಎಫ್‌ಎನ್ ಕೀ ಒತ್ತಬೇಕೋ ಏನೋ ನೋಡಿಕೊಳ್ಳಿ.

ಸ್ಟೀಮ್ (ಆಟಗಳನ್ನು ಕೊಂಡು ಆಡುವ ಪ್ರೋಗ್ರಾಮ್) ಮೂಲಕ ಆಡುವವರು ಚಿತ್ರಕ್ಕೆ ಎಫ್12 ಒತ್ತುತ್ತಾರೆ. ಆದರೆ ಡಿಸಿಎಸ್‌ನಲ್ಲಿ ಎಫ್12 ಎಂದರೆ ಇನ್ನೊಂದು ಕ್ಯಾಮೆರಾ ನೋಟ. ಒತ್ತಿದ ಕೂಡಲೇ ವಿಮಾನ ಮಾಯವಾಗಿ ನೆಲದ ಮೇಲಿನ ಯಾವುದೋ ವಸ್ತು ಕಾಣುತ್ತದೆ, ಕಷ್ಟಪಟ್ಟು ಕೂರಿಸಿದ ಕೋನ ಅಲ್ಲಿಗೆ ಹೋಯಿತು. ಸ್ಟೀಮ್‌ನ ಸ್ಕ್ರೀನ್‌ಶಾಟ್ ಕೀಯನ್ನು ಬದಲಿಸಿಕೊಳ್ಳಿ. ಅಲ್ಲೇ ಅನ್‌ಕಂಪ್ರೆಸ್ಡ್ ಪ್ರತಿಯನ್ನೂ ಉಳಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡದಿದ್ದರೆ ಸಿಗುವುದು ಒತ್ತಿ ಹಿಂಡಿದ ಜೆಪೆಗ್ ಮಾತ್ರ, ಆಕಾಶದ ಭಾಗ ಚೌಕಚೌಕವಾಗಿ ಒಡೆದಿರುತ್ತದೆ.

ಚಿತ್ರ ತೆಳುವಾಗಿ, ಸುಣ್ಣ ಬಳಿದ ಹಾಗೆ ಬಂದರೆ ವಿಂಡೋಸ್‌ನ ಎಚ್‌ಡಿಆರ್ (ಬೆಳಕಿನ ಹರವು ಹೆಚ್ಚಿಸಿ ತೋರಿಸುವ ಸೆಟ್ಟಿಂಗ್) ಆನ್ ಇದೆ ಎಂದೇ ತಿಳಿಯಿರಿ. ಚಿತ್ರ ತೆಗೆಯುವ ದಿನ ಅದನ್ನು ಆಫ್ ಮಾಡಿಬಿಡುವುದೇ ಸುಲಭದ ದಾರಿ.

ಬೆಳಕನ್ನು ಮಿಷನ್ ಎಡಿಟರ್‌ನಲ್ಲೇ ಗೊತ್ತುಮಾಡಿ

ಯುದ್ಧವಿಮಾನದ ಬಣ್ಣವೇ ಕಣ್ಣಿಗೆ ಕಾಣಬಾರದು ಎಂದು ಬಳಿದದ್ದು. ಬೂದು ಎಫ್-16ನ್ನು ನಡುಮಧ್ಯಾಹ್ನದ ಮಸುಕು ಆಕಾಶದ ಮುಂದೆ ಇಟ್ಟರೆ ಆ ಬಣ್ಣ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ವಿಮಾನ ಎದ್ದು ಕಾಣಲು ಸೂರ್ಯ ದಿಗಂತದಿಂದ ಸುಮಾರು 10ರಿಂದ 25 ಡಿಗ್ರಿ ಎತ್ತರದಲ್ಲಿರಬೇಕು. ಆಗ ಬೆಳಕು ಓರೆಯಾಗಿ ಬಿದ್ದು ಫಲಕಗಳ ಗೆರೆ, ಗಾಳಿ ಒಳಹೋಗುವ ಬಾಯಿ, ಕ್ಷಿಪಣಿಗಳ ದುಂಡು ಎಲ್ಲಕ್ಕೂ ನೆರಳು ಮೂಡುತ್ತದೆ.

ಮಿಷನ್ ಎಡಿಟರ್‌ನಲ್ಲಿ, ಅಂದರೆ ಹಾರಾಟದ ಜಾಗ, ಹೊತ್ತು ಗೊತ್ತುಮಾಡುವ ಕಡೆ, ಬಹಳ ಜನ ಗಂಟೆಯನ್ನಷ್ಟೇ ಬದಲಿಸಿ ತಾರೀಖನ್ನು ಮರೆತುಬಿಡುತ್ತಾರೆ. ಡಿಸಿಎಸ್‌ನ ಕಾಕಸಸ್ ಮ್ಯಾಪ್‌ನ ದಕ್ಷಿಣ ಭಾಗ ಸುಮಾರು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಕೊನೆಯಲ್ಲಿ ಅಲ್ಲಿ ನಡುಹಗಲ ಸೂರ್ಯ 71 ಡಿಗ್ರಿ ಮೇಲಿರುತ್ತಾನೆ: ರೆಕ್ಕೆಯ ಮೇಲ್ಭಾಗ ಬೆಳ್ಳಗೆ, ಹೊಟ್ಟೆ ಕಪ್ಪಗೆ. ಡಿಸೆಂಬರ್ ಕೊನೆಯಲ್ಲಾದರೆ ನಡುಹಗಲಲ್ಲೂ 25 ಡಿಗ್ರಿ ದಾಟುವುದಿಲ್ಲ. ಅಂದರೆ ತಾರೀಖನ್ನು ಡಿಸೆಂಬರ್‌ಗೆ ಇಟ್ಟರೆ ಸೂರ್ಯ ಮೇಲೇರಿದ ಮೇಲೆ ಹೆಚ್ಚುಕಡಿಮೆ ಇಡೀ ದಿನ ಚಿತ್ರಕ್ಕೆ ಒದಗುವ ಬೆಳಕು. ನೆಲದ ಮೇಲೆ ಹಿಮ ಬೇಡ ಎನ್ನುವವರು ಕಡಲ ಮೇಲೆ ಹಾರಲಿ, ಇಲ್ಲವೇ ಅಕ್ಟೋಬರ್‌ಗೆ ಬರಲಿ.

ಕ್ಯಾಮೆರಾದ ಬೆನ್ನಿಗೇ ಸೂರ್ಯ ಇದ್ದರೆ ಚಿತ್ರ ಚಪ್ಪಟೆ. ಬೆನ್ನಿನಿಂದ 40ರಿಂದ 60 ಡಿಗ್ರಿ ಪಕ್ಕಕ್ಕಿದ್ದರೆ ಚೆನ್ನ. ಆಫ್ಟರ್‌ಬರ್ನರ್ (ಹೆಚ್ಚಿನ ಶಕ್ತಿಗೆ ಇಂಜಿನ್ ಬಾಲದಲ್ಲಿ ಇಂಧನ ಉರಿಸುವ ಭಾಗ) ಜ್ವಾಲೆ, ಅದರೊಳಗಿನ ವಜ್ರದಂಥ ಆಕಾರಗಳು ಬೇಕಿದ್ದರೆ ಸೂರ್ಯ ಮುಳುಗಿದ ಮೇಲಿನ ಹತ್ತು ಹದಿನೈದು ನಿಮಿಷ ನೋಡಿ. ಹಾಡಹಗಲಲ್ಲಿ ಜ್ವಾಲೆ ಇದ್ದರೂ ಇಲ್ಲದಂತೆಯೇ.

ವಿಮಾನ ಏನು ಮಾಡುತ್ತಿದೆಯೋ ಹಾಗೆಯೇ ಕಾಣಬೇಕು

ವಿಮಾನ ಬಲ್ಲವರು ಚಿತ್ರದಲ್ಲಿ ಮೊದಲು ನೋಡುವುದು ಇದನ್ನೇ. ಎಫ್-14 ಟಾಮ್‌ಕ್ಯಾಟ್‌ನ ರೆಕ್ಕೆ ಹಾರಾಟದಲ್ಲಿ 20ರಿಂದ 68 ಡಿಗ್ರಿವರೆಗೆ ಹಿಂದಕ್ಕೆ ಮಡಚುತ್ತದೆ, ಅದೂ ವೇಗಕ್ಕೆ ತಕ್ಕಂತೆ ತಾನಾಗಿ. ರೆಕ್ಕೆ ಪೂರ್ತಿ ಹಿಂದಕ್ಕೆ ಹೋಗಿ, ಕೆಳಗೆ ಚಕ್ರ ಇಳಿದಿರುವ ಟಾಮ್‌ಕ್ಯಾಟ್ ಎಷ್ಟು ಚಂದದ ಬೆಳಕಿನಲ್ಲಿದ್ದರೂ ನಗೆಪಾಟಲು. ಎಫ್/ಎ-18ರ ಚಕ್ರಗಳನ್ನು ಇಳಿಸಲು ಇರುವ ವೇಗದ ಮಿತಿ 250 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಹಾಗಾಗಿ ಚಕ್ರ ಇಳಿದಿರುವ ಚಿತ್ರದಲ್ಲಿ ಫ್ಲ್ಯಾಪ್ (ರೆಕ್ಕೆಯಂಚಿನ ಫಲಕ) ಕೂಡ ಇಳಿದಿರಬೇಕು, ಮೂತಿ ತುಸು ಮೇಲಿರಬೇಕು.

ಮೂತಿಯ ವಿಷಯಕ್ಕೇ ಬಂದರೆ, ನಿಧಾನವಾಗಿ ಹಾರುವ ಜೆಟ್ ಎತ್ತರ ಉಳಿಸಿಕೊಳ್ಳಲು ಮೂತಿ ಎತ್ತಿಕೊಂಡು ಹೋಗುತ್ತದೆ. ಇಂಧನ, ಬಾಂಬು ತುಂಬಿಕೊಂಡು 200 ನಾಟ್‌ನಲ್ಲಿ ಸಾಲಾಗಿ ಹಾರುವ ನಾಲ್ಕು ವಿಮಾನಗಳು ಏದುಸಿರು ಬಿಡುತ್ತಿರುವಂತೆ ಕಾಣುತ್ತವೆ. ನೆಟ್ಟಗೆ, ಹರಿತವಾಗಿ ಕಾಣಬೇಕಿದ್ದರೆ 350–400 ನಾಟ್ ಕೊಡಿ, ಇಂಧನವನ್ನು ಅರ್ಧಕ್ಕೆ ಇಳಿಸಿ.

ಇಂಜಿನ್‌ನ ಬಾಲದ ನಾಝಲ್ (ಬಿಸಿಗಾಳಿ ಹೊರಹೋಗುವ ಬಾಯಿ) ಕೂಡ ಮಾತಾಡುತ್ತದೆ. ಎಫ್-16, ಎಫ್/ಎ-18ಗಳಲ್ಲಿ ಅದು ನೆಲದ ಮೇಲೆ ಕನಿಷ್ಠ ಶಕ್ತಿಯ ಐಡಲ್‌ನಲ್ಲಿ ಅಗಲವಾಗಿ ತೆರೆದಿರುತ್ತದೆ, ಆಫ್ಟರ್‌ಬರ್ನರ್ ಇಲ್ಲದ ಪೂರ್ಣ ಶಕ್ತಿಯಲ್ಲಿ ಮುಚ್ಚಿಕೊಳ್ಳುತ್ತದೆ, ಆಫ್ಟರ್‌ಬರ್ನರ್ ಹಾಕಿದಾಗ ಮತ್ತೆ ತೆರೆದುಕೊಳ್ಳುತ್ತದೆ. ಹಿಂಬದಿಯಿಂದ ಚಿತ್ರ ತೆಗೆಯುವುದಾದರೆ ಥ್ರಾಟಲ್ (ಇಂಜಿನ್ ಶಕ್ತಿಯ ಹಿಡಿಕೆ) ಎಲ್ಲಿರಬೇಕು ಎಂದು ಮೊದಲೇ ಯೋಚಿಸಿ.

ರೆಕ್ಕೆಯ ಮೇಲೆ ಹಬೆ ಏಳಬೇಕಿದ್ದರೆ ಕಡಿಮೆ ಎತ್ತರದಲ್ಲಿ, ವೇಗವಾಗಿ ಹೋಗುತ್ತಿರುವಾಗ ಸ್ಟಿಕ್ಕನ್ನು ಜೋರಾಗಿ ಹಿಂದಕ್ಕೆಳೆಯಬೇಕು. ಮೇಲೆ ಹೋದಷ್ಟೂ ಗಾಳಿ ಒಣಗುತ್ತದೆ, ಹಬೆಯೂ ಕಡಿಮೆ. ಹೀಗೆ ಎಳೆಯುವಾಗ ಹಬೆ ತೋರುವುದು ಒಂದೆರಡು ಸೆಕೆಂಡ್ ಮಾತ್ರ. ರೀಪ್ಲೇ ಇಲ್ಲದೆ ಅದನ್ನು ಹಿಡಿಯುವುದು ಲಾಟರಿ.

ಒಂದಕ್ಕಿಂತ ಹೆಚ್ಚು ವಿಮಾನ ಬೇಕಿದ್ದರೆ ನೀವೇ ಹಾರಿಸುವ ಹಟ ಬಿಡಿ. ಎಲ್ಲವನ್ನೂ ಎಐಗೆ ಒಪ್ಪಿಸಿ, ವೇಪಾಯಿಂಟ್‌ನ (ಹಾದಿಯ ಗುರುತು) ಆಯ್ಕೆಗಳಲ್ಲಿ ಫಾರ್ಮೇಶನ್ (ಸಾಲಿನ ಜೋಡಣೆ) ಯಾವುದೆಂದು ಹೇಳಿ, ಆಫ್ಟರ್‌ಬರ್ನರ್‌ಗೆ ಕಡಿವಾಣ ಹಾಕಿ. ಇಲ್ಲದಿದ್ದರೆ ಹಿಂದುಳಿದ ಜೊತೆಗಾರ ಬೆಂಕಿಯುಗುಳುತ್ತಾ ಓಡಿ ಬಂದು ಸಾಲನ್ನು ಕೆಡಿಸುತ್ತಾನೆ. ಮಿಷನ್ ಶುರುವಾಗಿ ವಿಮಾನಗಳು ಹುಟ್ಟಿದ ಕೂಡಲೇ ಸಾಲು ಕೂಡುವುದಿಲ್ಲ. ನೇರ ಹಾದಿಯಲ್ಲಿ ಎರಡು ಮೂರು ನಿಮಿಷ ಹಾರಲು ಬಿಟ್ಟು ಆಮೇಲೆ ತಿರುವು ಕೊಡಿ.

ಟ್ರ್ಯಾಕ್ ಮತ್ತು ಅದರ ಚೇಷ್ಟೆ

ಮಿಷನ್ ಮುಗಿದಾಗ ಟ್ರ್ಯಾಕ್ ಉಳಿಸಿಕೊಳ್ಳಿ. ಡಿಸಿಎಸ್‌ನ ಟ್ರ್ಯಾಕ್ ಎಂದರೆ ವಿಡಿಯೊ ಅಲ್ಲ. ನೀವು ಸ್ಟಿಕ್, ಥ್ರಾಟಲ್‌ಗೆ ಕೊಟ್ಟ ಚಲನೆಗಳನ್ನು ಬರೆದಿಟ್ಟುಕೊಂಡು ಹಾರಾಟವನ್ನು ಮತ್ತೆ ಲೆಕ್ಕ ಹಾಕಿ ತೋರಿಸುವುದು. ಲೆಕ್ಕ ಚೂರು ತಪ್ಪಿದರೂ ತಪ್ಪು ಬೆಳೆಯುತ್ತಾ ಹೋಗುತ್ತದೆ: ನೀವು ಹೊಡೆದುರುಳಿಸಿದ ಮಿಗ್-29 ರೀಪ್ಲೇಯಲ್ಲಿ ಆರಾಮವಾಗಿ ಹಾರಿಕೊಂಡಿರಬಹುದು, ನಿಮ್ಮ ವಿಮಾನ ಗುಡ್ಡಕ್ಕೆ ಬಡಿಯಬಹುದು. ಆದ್ದರಿಂದ ಚಿತ್ರಕ್ಕೆಂದೇ ಐದಾರು ನಿಮಿಷದ ಚಿಕ್ಕ ಮಿಷನ್ ಮಾಡಿ, ವಿಮಾನ ಗಾಳಿಯಲ್ಲೇ ಹುಟ್ಟುವಂತೆ ಇಡಿ. ರೀಪ್ಲೇಯನ್ನು ವಿಪರೀತ ವೇಗವಾಗಿ ಓಡಿಸಬೇಡಿ. ಸಿಮ್ಯುಲೇಟರ್ ಅಪ್‌ಡೇಟ್ ಆದರೆ ಹಳೆಯ ಟ್ರ್ಯಾಕ್ ಕೈಕೊಡುವ ಸಂಭವ ಹೆಚ್ಚು, ಹಾಗಾಗಿ ಅಪ್‌ಡೇಟ್ ಒತ್ತುವ ಮೊದಲೇ ಚಿತ್ರಗಳನ್ನು ಮುಗಿಸಿಕೊಳ್ಳಿ.

ರೀಪ್ಲೇ ಓಡುವಾಗ ಕೆಲಸದ ಕ್ರಮ ಹೀಗೆ:

1. ಎಡ ಕಂಟ್ರೋಲ್ ಮತ್ತು ವೈ ಒತ್ತಿ ಕೆಳಗಿನ ಮಾಹಿತಿ ಪಟ್ಟಿಯನ್ನು ತೆಗೆಯಿರಿ. ವಿಮಾನಗಳ ಮೇಲಿನ ಲೇಬಲ್‌ಗಳನ್ನು ಎಡ ಶಿಫ್ಟ್ ಮತ್ತು ಎಫ್10 ಒತ್ತಿ ಮರೆಮಾಡಿ.
2. ಬೇಕಾದ ಕ್ಷಣ ಹತ್ತಿರವಾದಾಗ ಎಡ ಆಲ್ಟ್ ಮತ್ತು ಝಡ್ ಒತ್ತಿ ವೇಗ ತಗ್ಗಿಸಿ. ಎಡ ಶಿಫ್ಟ್ ಮತ್ತು ಝಡ್ ಒತ್ತಿದರೆ ಮಾಮೂಲು ವೇಗ.
3. ಎಫ್2 ಒತ್ತಿ ಹೊರನೋಟಕ್ಕೆ ಬನ್ನಿ, ಪಾಸ್ (Pause) ಕೀ ಒತ್ತಿ ನಿಲ್ಲಿಸಿ.
4. ವಿಮಾನಕ್ಕೆ ಅಂಟಿಕೊಳ್ಳದ ಕ್ಯಾಮೆರಾ ಬೇಕಿದ್ದರೆ ಎಡ ಕಂಟ್ರೋಲ್ ಮತ್ತು ಎಫ್11.
5. ಚಿತ್ರ ತೆಗೆದು, ಕ್ಷಣಮಾತ್ರ ಓಡಿಸಿ, ಮತ್ತೆ ನಿಲ್ಲಿಸಿ, ಇನ್ನೊಂದು ತೆಗೆಯಿರಿ.

ಐದನೆಯದನ್ನು ಬಿಡಬೇಡಿ. ಮಿನುಗುವ ದೀಪ ಒಂದರಲ್ಲಿ ಆರಿರುತ್ತದೆ, ಇನ್ನೊಂದರಲ್ಲಿ ಉರಿಯುತ್ತದೆ. ಕ್ಷಿಪಣಿ ಹಾರುವ ಚಿತ್ರವಾದರೆ ಈ ವ್ಯತ್ಯಾಸವೇ ಎಲ್ಲ. ಎಫ್-16ರ ರೆಕ್ಕೆಯ ತುದಿಯ ಆಮ್ರಾಮ್ ಕ್ಷಿಪಣಿ ತನ್ನ ಹಳಿಯ ಮೇಲೆಯೇ ಉರಿದು ಮುಂದೆ ಜಾರುತ್ತದೆ. ಎಫ್/ಎ-18ರ ಹೊಟ್ಟೆಯ ಪಕ್ಕದಲ್ಲಿರುವುದು ಮೊದಲು ಕೆಳಕ್ಕೆ ತಳ್ಳಿಸಿಕೊಂಡು ಆಮೇಲೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಮೇಲೆ ಅರ್ಧ ಸೆಕೆಂಡ್ ಕಳೆದರೆ ವಿಮಾನ, ಕ್ಷಿಪಣಿ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಸುವುದು ಕಷ್ಟ.

ಆಕ್ಟಿವ್ ಪಾಸ್ ಬೇರೆಯೇ ಸರಕು. ಅದರಲ್ಲಿ ವಿಮಾನ ಗಾಳಿಯಲ್ಲಿ ನಿಂತಿದ್ದರೂ ಇಂಜಿನ್, ಸ್ಟಿಕ್ ಕೆಲಸ ಮಾಡುತ್ತಲೇ ಇರುತ್ತವೆ. ಆಗ ಕೈತಪ್ಪಿ ಸ್ಟಿಕ್ ಎಳೆದರೆ, ನೇರವಾಗಿ ಹಾರುತ್ತಿರುವ ವಿಮಾನದ ಬಾಲದ ಫಲಕಗಳು ಪೂರ್ತಿ ತಿರುಚಿಕೊಂಡು ನಿಲ್ಲುತ್ತವೆ. ಚಿತ್ರದಲ್ಲಿ ಅದು ಮುರಿದ ಕಾಲಿನಂತೆ ಕಾಣುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನ 2020ರ ಆವೃತ್ತಿಯಲ್ಲಿ ಇದೇ ಆಕ್ಟಿವ್ ಪಾಸ್ ಜೊತೆಗೆ ಇನ್ಸರ್ಟ್ ಕೀ ಒತ್ತಿ ಡ್ರೋನ್ ಕ್ಯಾಮೆರಾ ಬಳಸುವುದು ವಾಡಿಕೆ. ಅಲ್ಲಿ ಸ್ಟಿಕ್ಕಿನಿಂದ ಕೈ ತೆಗೆದೇ ಕ್ಯಾಮೆರಾ ಮುಟ್ಟಿ.

ಕ್ಯಾಮೆರಾ ಎಷ್ಟು ದೂರ?

ಸಿಮ್ಯುಲೇಟರ್ ಚಿತ್ರ ಆಟಿಕೆಯಂತೆ ಕಾಣಲು ಮೊದಲ ಕಾರಣ ಗ್ರಾಫಿಕ್ಸ್ ಅಲ್ಲ, ಕ್ಯಾಮೆರಾದ ದೂರ. ಎಫ್-16ರ ಉದ್ದ ಸುಮಾರು 15 ಮೀಟರ್. ಅಡ್ಡಡ್ಡವಾಗಿ 74 ಡಿಗ್ರಿ ನೋಟದ ಕ್ಯಾಮೆರಾದಲ್ಲಿ, ಅಂದರೆ 24 ಎಂಎಂ ಲೆನ್ಸ್‌ಗೆ ಸಮನಾದದ್ದರಲ್ಲಿ, ವಿಮಾನ ಚೌಕಟ್ಟಿನ ಬಹುಭಾಗ ತುಂಬಬೇಕಿದ್ದರೆ 14 ಮೀಟರ್ ಹತ್ತಿರ ಹೋಗಬೇಕು. ಮುಂದಿನಿಂದ 45 ಡಿಗ್ರಿ ಓರೆಯಲ್ಲಿ ನೋಡುವಾಗ ಮೂತಿ ಒಂಬತ್ತು ಮೀಟರ್ ದೂರದಲ್ಲಿರುತ್ತದೆ, ಬಾಲ ಹತ್ತೊಂಬತ್ತು. ಮೂತಿ ಬಲೂನಿನಂತೆ ಉಬ್ಬಿ ಬಾಲ ಸೊರಗಿಹೋಗುತ್ತದೆ. ನೋಟವನ್ನು 24 ಡಿಗ್ರಿಗೆ, ಅಂದರೆ 85 ಎಂಎಂಗೆ ಇಳಿಸಿ ಕ್ಯಾಮೆರಾವನ್ನು 50 ಮೀಟರ್ ಹಿಂದಕ್ಕೆ ಒಯ್ದರೆ ವಿಮಾನ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ಮೂತಿ–ಬಾಲಗಳ ದೂರ 45 ಮತ್ತು 55 ಮೀಟರ್. ಆಕಾರ ಸರಿಹೋಯಿತು. ನಿಜವಾದ ಛಾಯಾಗ್ರಾಹಕರು ಇನ್ನೊಂದು ವಿಮಾನದಿಂದ ತೆಗೆದ ಚಿತ್ರಗಳು ಕಾಣುವುದೂ ಹೀಗೆಯೇ, ಏಕೆಂದರೆ ಅವರು ಸಾಮಾನ್ಯವಾಗಿ ಅಷ್ಟು ಹತ್ತಿರ ಸುಳಿಯುವುದಿಲ್ಲ.

ಆದ್ದರಿಂದ ಹಿಂದೆ ಸರಿಯಿರಿ, ಜೂಮ್ ಮಾಡಿ. ಕಂಟ್ರೋಲ್ಸ್ ಪಟ್ಟಿಯಲ್ಲಿ ಜೂಮ್ ಬೇರೆ, ಕ್ಯಾಮೆರಾ ಚಲನೆ ಬೇರೆ. ಎರಡಕ್ಕೂ ಕೈಗೆ ಸಿಗುವ ಕೀ ಕೊಟ್ಟುಕೊಳ್ಳಿ. ಕಾಕ್‌ಪಿಟ್ ಒಳಗಿನ ಚಿತ್ರಕ್ಕೆ ಮಾತ್ರ ಅಗಲ ನೋಟವೇ ಬೇಕು.

ಮೂತಿಯ ಮುಂದೆ ಬಾಲದ ಹಿಂದಿಗಿಂತ ಹೆಚ್ಚು ಜಾಗ ಬಿಡಿ. ಕ್ಯಾಮೆರಾವನ್ನು ಮೇಲಿಟ್ಟು ಕಾಡು, ಕಡಲು ಇಲ್ಲವೇ ಮೋಡವನ್ನು ಹಿನ್ನೆಲೆಯಾಗಿಸಿದರೆ ಬೂದು ವಿಮಾನ ಎದ್ದು ಕಾಣುತ್ತದೆ. ತೀರಾ ತಗ್ಗಿನಲ್ಲಿ ಹಾರುವ ಚಿತ್ರಗಳಲ್ಲಿ ನೆಲದ ಚಿತ್ರಪಟ ಹರಿದಂತೆ ಕಾಣುವುದೇ ತಕರಾರು. ಅದಕ್ಕೆ ಮರಗಳ ಗುಂಪು ಅಥವಾ ನೀರು ಇರುವ ಕಡೆ ಆರಿಸಿ.

ಗ್ರಾಫಿಕ್ಸ್

ಪಾಸ್‌ನಲ್ಲಿ ತೆಗೆಯುವುದರಿಂದ ಫ್ರೇಮ್ ರೇಟ್ ಲೆಕ್ಕಕ್ಕಿಲ್ಲ. ಹಾರಿಸುವಾಗ ಮಧ್ಯಮ ಸೆಟ್ಟಿಂಗ್, ರೀಪ್ಲೇಗೆ ಮೊದಲು ಎಲ್ಲವೂ ಮೇಲಕ್ಕೆ: ಟೆಕ್ಸ್ಚರ್ (ಮೇಲ್ಮೈಗೆ ಹೊದಿಸಿದ ಚಿತ್ರ), ನೆರಳು, ಮೋಡ, 16 ಪಟ್ಟು ಅನಿಸೊಟ್ರೋಪಿಕ್ ಫಿಲ್ಟರಿಂಗ್ (ಓರೆಯಿಂದ ಕಾಣುವ ಮೇಲ್ಮೈಯನ್ನು ಸ್ಪಷ್ಟವಾಗಿಸುವುದು). ಎನ್‌ವಿಡಿಯಾ ಕಾರ್ಡ್ ಇದ್ದರೆ, ಪರದೆಗಿಂತ ದೊಡ್ಡದಾಗಿ ಚಿತ್ರ ಬರೆಸುವ ಡಿಎಸ್‌ಆರ್‌ನ 4 ಪಟ್ಟು ಆಯ್ಕೆ 1920×1080ರ ಮಾನಿಟರ್‌ನಲ್ಲೂ 3840×2160ರ ಚಿತ್ರ ಕೊಡುತ್ತದೆ. ಆಂಟೆನಾ, ಕ್ಷಿಪಣಿಯ ರೆಕ್ಕೆಗಳ ಗರಗಸದಂಥ ಅಂಚು ಬಹುಪಾಲು ಹೋಗುತ್ತದೆ. ವಿಡಿಯೊ ಮೆಮೊರಿ ಸಾಲದಿದ್ದರೆ ಟೆಕ್ಸ್ಚರ್‌ಗಳು ಮಸುಕಾಗುತ್ತವೆ, ಆಗ 2.25 ಪಟ್ಟಿಗೆ ಇಳಿಯಿರಿ. ಡಿಎಲ್‌ಎಸ್‌ಎಸ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರ) ಬಳಸಿದರೆ ವೇಗದ ವಸ್ತುಗಳ ಹಿಂದೆ ಪ್ರೇತದಂಥ ಬಾಲ ಮೂಡುತ್ತದೆ. ನಿಲ್ಲಿಸಿದ ಮೇಲೆ ಒಂದೆರಡು ಸೆಕೆಂಡ್ ಕಾದು ಒತ್ತಿ. ಲೆನ್ಸ್ ಮೇಲಿನ ಕೊಳೆ ತೋರಿಸುವ ಪರಿಣಾಮವನ್ನು ಆಫ್ ಮಾಡಿ.

ಕೊನೆಯ ತಿದ್ದುಪಡಿ

ದಿಗಂತ ಕಾಣುವ ಚಿತ್ರವಾದರೆ ಮೊದಲು ಅದನ್ನು ನೇರಮಾಡಿ ಆಮೇಲೆ ಕತ್ತರಿಸಿ. ನಿಲ್ಲಿಸಿದ್ದರಿಂದ ಪರದೆಯ ಮೂಲೆಯಲ್ಲಿ ಪಾಸ್ ಎಂಬ ಬರಹ ಉಳಿಯಬಹುದು. ಆ ಮೂಲೆಯನ್ನು ಮೊದಲಿನಿಂದಲೇ ಬರೀ ಆಕಾಶವಾಗಿ ಇಟ್ಟುಕೊಂಡಿದ್ದರೆ ಒರೆಸುವುದು ಸುಲಭ. ಶಾರ್ಪನ್ ಜಾಸ್ತಿಯಾದರೆ ವಿಮಾನದ ಸುತ್ತ ಬಿಳಿ ಅಂಚು ಕಟ್ಟುತ್ತದೆ. ಅದು ಕಂಡ ಕೂಡಲೇ ಅರ್ಧಕ್ಕೆ ಇಳಿಸಿ. ಸಂಜೆಯ ಆಕಾಶದಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ಒಡೆದಿದ್ದರೆ ಮಸುಕು ಮಾಡಿ ಫಲವಿಲ್ಲ. ಬದಲಿಗೆ ಸಣ್ಣ ಪ್ರಮಾಣದ ಗ್ರೇನ್ (ಮರಳಿನಂಥ ಕಣ) ಸೇರಿಸಿ, ಪಟ್ಟೆಗಳು ಕರಗುತ್ತವೆ. ಪಿಎನ್‌ಜಿಯಲ್ಲೇ ತಿದ್ದಿ, ಹಂಚಿಕೊಳ್ಳುವ ಪ್ರತಿಯನ್ನು ಮಾತ್ರ 90ರ ಗುಣಮಟ್ಟದ ಜೆಪೆಗ್ ಮಾಡಿ.