ಸ್ಪೆಸಿಮೆನ್ ಚೀಟಿ: ಮೊದಲು ಬೆನ್ನು ನೋಡಿ

ಸ್ಪೆಸಿಮೆನ್ ಚೀಟಿ, ಅಂದರೆ ಬಳಕೆಗಲ್ಲದೆ ಮಾದರಿಗೆಂದು ಅಚ್ಚು ಹಾಕಿದ ಅಂಚೆಚೀಟಿ, ಕೈಗೆ ಬಂದ ಕೂಡಲೇ ನಾನು ಅದನ್ನು ಮಗುಚಿ ಹಾಕುತ್ತೇನೆ. ಮುಖ ನೋಡುವುದು ಆಮೇಲೆ. ಅದನ್ನು ಯಾರು ಅಚ್ಚು ಹಾಕಿದರು ಎಂಬುದು ಮುಖದಿಂದ ತಿಳಿದೀತು, ಯಾವ ದೇಶದ ದಫ್ತರದಲ್ಲಿ ಹೇಗೆ ಕಾಪಿಟ್ಟಿದ್ದರು ಎಂಬುದು ಬೆನ್ನಿನಿಂದ ಮಾತ್ರ ತಿಳಿಯುತ್ತದೆ. ಹಳೆ ಅಂಚೆ ದಫ್ತರಗಳಿಂದ ಹೊರಬಂದ ಚೀಟಿ, ಕಾರ್ಡು, ಕವರುಗಳನ್ನು ಕೂಡಿಡುವವರಿಗೆ ಈ ಎರಡನೆಯದೇ ಮುಖ್ಯ.

ಹಿನ್ನೆಲೆ ಚುಟುಕಾಗಿ ಇಷ್ಟು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 1874ರಲ್ಲಿ ಆದ ಒಪ್ಪಂದದಿಂದ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು. ಭಾರತ ಸೇರಿದ್ದು 1876ರ ಜುಲೈ 1ರಂದು. 1879ರಿಂದ ಸದಸ್ಯ ದೇಶಗಳು ತಮ್ಮ ಹೊಸ ಚೀಟಿ, ಕಾರ್ಡುಗಳ ಮಾದರಿಗಳನ್ನು ಬರ್ನ್ ಕಚೇರಿಯ ಮೂಲಕ ಉಳಿದವರಿಗೆ ಹಂಚತೊಡಗಿದವು. ಹೊರದೇಶದ ಪತ್ರ ಬಂದಾಗ ಅದರ ಚೀಟಿ ಅಸಲಿಯೇ ಎಂದು ಗುಮಾಸ್ತರು ಹೋಲಿಸಿ ನೋಡಲಿ ಎಂಬುದು ಉದ್ದೇಶ. ಆ ಮಾದರಿಯನ್ನು ಯಾರೂ ಪತ್ರಕ್ಕೆ ಅಂಟಿಸಿ ಕಳುಹಿಸದಂತೆ ಮೇಲೆ ಸ್ಪೆಸಿಮೆನ್ ಎಂದು ಅಚ್ಚೊತ್ತುತ್ತಿದ್ದರು, ಇಲ್ಲವೇ ರಂಧ್ರಗಳಿಂದ ಆ ಪದವನ್ನು ಕೊರೆಯುತ್ತಿದ್ದರು. ಬ್ರಿಟಿಷ್ ವಸಾಹತುಗಳ ಚೀಟಿಗಳಲ್ಲಿ ಈ ರೂಢಿ 1884ರಿಂದ 1948ರವರೆಗೆ ಕಾಣುತ್ತದೆ. ಸ್ಪೇನಿನವರಲ್ಲಿ ಇದು ಮುಯೆಸ್ತ್ರಾ, ಜರ್ಮನರಲ್ಲಿ ಮುಸ್ಟರ್, ಇಟಲಿಯವರಲ್ಲಿ ಸಾಜ್ಜೊ, ಜಪಾನಿನಲ್ಲಿ ಮಿಹೊನ್. ಹರಾಜಿನ ಪಟ್ಟಿ ಓದುವಾಗ ಈ ಪದಗಳೂ ಗೊತ್ತಿರಬೇಕು.

ಮಾದರಿ ತಲುಪಿದ ದೇಶದವರು ಅದನ್ನು ದೊಡ್ಡ ಲೆಜರಿನಲ್ಲಿ ಅಂಟಿಸುತ್ತಿದ್ದರು. ಕೆಲವರು ತಮ್ಮದೇ ಮೊಹರನ್ನೂ ಒತ್ತುತ್ತಿದ್ದರು. ಪೋರ್ಚುಗೀಸ್ ವಸಾಹತುಗಳ ಪಾಲಿಗೆ ಬಂದ ಪ್ರತಿಗಳ ಮೇಲೆ ಉಲ್ತ್ರಾಮಾರ್ (ಸಾಗರದಾಚೆ) ಎಂಬ ಮೊಹರು ಇರುತ್ತದೆ. ಗೋವೆ ನಮಗೆ ಪಕ್ಕದಲ್ಲೇ ಇರುವುದರಿಂದ ಮಂಗಳೂರಿನ ಸಂಗ್ರಾಹಕರು ಈ ಗುರುತನ್ನು ತಿಳಿದಿರುವುದು ಒಳ್ಳೆಯದು. ಚೀಟಿ ಬೇರೆ ಯಾವುದೋ ದೇಶದ್ದಾಗಿದ್ದರೂ ಅದು ಪೋರ್ಚುಗೀಸ್ ದಫ್ತರದಿಂದ ಬಂದದ್ದು ಎಂದು ಈ ಮೊಹರೇ ಹೇಳುತ್ತದೆ.

ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಬಗೆ ಇದೆ: ಮುದ್ರಕರ ಮಾದರಿ. ವಾಟರ್‌ಲೋ ಎಂಬ ಮುದ್ರಣ ಕಂಪನಿಯವರು ಗಿರಾಕಿಗಳಿಗೆ ತೋರಿಸಲು ಬೇರೆಯೇ ಬಣ್ಣದಲ್ಲಿ ಚೀಟಿ ಅಚ್ಚು ಹಾಕಿ, ಕಂಪನಿಯ ಹೆಸರಿನ ಜೊತೆ ಸ್ಪೆಸಿಮೆನ್ ಎಂದು ಒತ್ತಿ, ಒಂದು ಸಣ್ಣ ತೂತು ಹೊಡೆಯುತ್ತಿದ್ದರು. ಇನ್ನೊಂದು ಮುದ್ರಣ ಸಂಸ್ಥೆಯಾದ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯ ಸಂಗ್ರಹ 1990ರಲ್ಲಿ ಹರಾಜಾದ ಮೇಲೆ ಅಂಥ ತೂತಿನ ಮಾದರಿಗಳು ಮಾರುಕಟ್ಟೆಯಲ್ಲಿ ಬಹಳ ಕಾಣಸಿಗುತ್ತವೆ. ಇವೂ ಚಂದವೇ. ಆದರೆ ಒಕ್ಕೂಟದ ಮಾದರಿ ಎಂದು ಹೆಚ್ಚಿನ ಬೆಲೆ ಕೊಡಬೇಡಿ. ಪದ ಕೊರೆದ ರಂಧ್ರಗಳಲ್ಲದ ಒಂಟಿ ತೂತು ಇದೆಯೇ, ಬಣ್ಣ ಬಳಕೆಯ ಚೀಟಿಯದ್ದೇ ಎಂದು ನೋಡಿದರೆ ಸಾಕು, ಎರಡನ್ನೂ ಬೇರ್ಪಡಿಸಬಹುದು.

ಅಂಟಿಸಿದ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸುವುದು ಈ ಹವ್ಯಾಸದಲ್ಲಿ ಆಗುವ ಅತಿ ದೊಡ್ಡ ಹಾನಿ. ಸಾಮಾನ್ಯ ಚೀಟಿಗಳಿಗೆ ನಾವೆಲ್ಲ ಮಾಡುವ ಕೆಲಸ ಅದು. ಇಲ್ಲಿ ಅದು ಎರಡು ಕಾರಣಕ್ಕೆ ಸಲ್ಲದು. ಮೊದಲನೆಯದು ಶಾಯಿ. ಡಿ ಲಾ ರೂ ಮುದ್ರಣ ಕಂಪನಿ ವಸಾಹತು ಚೀಟಿಗಳಿಗೆ ಬಳಸಿದ ಹಸಿರು ಮತ್ತು ತಿಳಿನೇರಳೆ ಶಾಯಿಗಳು ಬೇಕೆಂದೇ ನೀರಿಗೆ ಕದಡುವಂತೆ ಮಾಡಿದವು, ಮೊಹರು ತೊಳೆದು ಚೀಟಿಯನ್ನು ಮತ್ತೆ ಬಳಸಬಾರದು ಎಂದು. ನೀರು ಸೋಕಿದರೆ ಹಸಿರು ಹಳದಿಗೆ ತಿರುಗುತ್ತದೆ. ನೇರಳೆ ಅನಿಲೀನ್ ಶಾಯಿಯಲ್ಲಿ ಒತ್ತಿದ ಕೈಮೊಹರಂತೂ ಕ್ಷಣದಲ್ಲಿ ಹರಡಿ ಚೀಟಿಯನ್ನೇ ಗುಲಾಬಿ ಮಾಡಿಬಿಡುತ್ತದೆ. ಎರಡನೆಯದು ಪುರಾವೆ. ಚೀಟಿಯ ಹಿಂದೆ ಉಳಿದಿರುವ ಲೆಜರ್ ಕಾಗದದ ತುಣುಕು, ಅದರ ಮೇಲಿನ ರೂಲು ಗೆರೆ, ಕೈಬರಹದ ಸುತ್ತೋಲೆ ಸಂಖ್ಯೆ, ಬಂದ ತಾರೀಖು, ಇವೆಲ್ಲ ಹೋದರೆ ಉಳಿಯುವುದು ಗೋಂದಿಲ್ಲದ ಒಂದು ಚೀಟಿ ಅಷ್ಟೆ. ಇಡೀ ಪುಟ ಸಿಕ್ಕರೆ ಕತ್ತರಿಸಲೇಬೇಡಿ. ಪುಟ ಆಲ್ಬಮ್ಮಿಗಿಂತ ದೊಡ್ಡದಾಗಿದ್ದರೆ ದೊಡ್ಡ ಆಲ್ಬಮ್ ಮಾಡಿಸಬೇಕು.

ಚೀಟಿ ಬೇರೆ ಚೀಟಿಗೆ ಅಂಟಿಕೊಂಡಿದ್ದರೆ ಮಾತ್ರ ಬಿಡಿಸುವ ಮಾತು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜು ಇಟ್ಟು, ಅದರ ಮೇಲೆ 2 ಸೆಂಟಿಮೀಟರ್ ಎತ್ತರದಲ್ಲಿ ಪ್ಲಾಸ್ಟಿಕ್ ಜಾಲರಿ ಇಟ್ಟು, ಚೀಟಿಗಳನ್ನು ಜಾಲರಿಯ ಮೇಲಿಡಬೇಕು. ಕೈಮೊಹರು ಇದ್ದರೆ 15 ನಿಮಿಷಕ್ಕೊಮ್ಮೆ, ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ತೆಗೆದು ನೋಡಬೇಕು. ಮೂಲೆ ತಾನಾಗಿ ಏಳುವವರೆಗೆ ಟ್ವೀಜರ್ ತೂರಿಸಬಾರದು. ಮುಚ್ಚಳದ ಒಳಗೆ ಕೂತ ಹನಿ ಚೀಟಿಯ ಮೇಲೆ ಬಿದ್ದರೆ ಅಲ್ಲೊಂದು ಕಲೆ ಖಾಯಂ, ಹಾಗಾಗಿ ಮುಚ್ಚಳಕ್ಕೆ ಒಳಗಿನಿಂದ ಬ್ಲಾಟಿಂಗ್ ಪೇಪರ್ ಅಂಟಿಸಿಡಿ. ಈ ಕೆಲಸವನ್ನು ನಾನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳುತ್ತೇನೆ. ಆಟಿ ತಿಂಗಳ ಮಳೆಯಲ್ಲಿ ಮಾಡಿದರೆ ಬಿಡಿಸಿದ್ದು ಒಣಗುವುದೇ ಇಲ್ಲ, ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ನಕಲಿಯ ವಿಷಯ. ಇಲ್ಲಿ ಚೀಟಿ ಅಸಲಿ, ಮೇಲಿನ ಪದ ಮಾತ್ರ ನಕಲಿ. 10 ಪಟ್ಟು ಹಿಗ್ಗಿಸುವ ಲೂಪಿನಡಿ ಅಕ್ಷರದ ಅಂಚನ್ನು ನೋಡಿ. ಹಳೆಯ ಅಚ್ಚುಮೊಳೆ ಮುದ್ರಣದಲ್ಲಿ ಶಾಯಿ ಒತ್ತಡಕ್ಕೆ ಹೊರಕ್ಕೆ ಸರಿದು ಅಂಚಿನಲ್ಲಿ ಗಾಢವಾದ ಗೆರೆಯಾಗಿ ನಿಂತಿರುತ್ತದೆ, ನಡುವೆ ಸ್ವಲ್ಪ ತೆಳು. ಚೀಟಿಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಬೆನ್ನಿನಲ್ಲಿ ಅಕ್ಷರದ ಉಬ್ಬು ಕಂಡೀತು. ಇಂಕ್‌ಜೆಟ್ ಅಕ್ಷರದ ಸುತ್ತ ಬಣ್ಣದ ಚುಕ್ಕಿಗಳು ಚೆಲ್ಲಿರುತ್ತವೆ. ಲೇಸರಿನದ್ದು ಮಿರುಗುತ್ತದೆ, ಅಂಚಿನಲ್ಲಿ ಕರಗಿದ ಪುಡಿಯ ಕಣಗಳಿರುತ್ತವೆ. ಅಳತೆಗೆ ನನ್ನ ಮಾನದಂಡ ಸುಲಭದ್ದು: ಅದೇ ದೇಶ, ಅದೇ ಸರಣಿಯ ಅಗ್ಗದ ಸ್ಪೆಸಿಮೆನ್ ಚೀಟಿಯೊಂದನ್ನು ಮೊದಲು ಕೊಳ್ಳುತ್ತೇನೆ. ಅರ್ಧ ಪೆನ್ನಿ, ಒಂದು ಪೆನ್ನಿಯದ್ದನ್ನು ನಕಲು ಮಾಡಿ ಯಾರಿಗೂ ಲಾಭವಿಲ್ಲ. ಎರಡನ್ನೂ 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಒಂದರ ಮೇಲೊಂದಿಟ್ಟರೆ ಕಾಲು ಮಿಲಿಮೀಟರಿನ ವ್ಯತ್ಯಾಸವೂ ಎದ್ದು ಕಾಣುತ್ತದೆ. 1948ರ ಆಗಸ್ಟ್ 15ರ ಗಾಂಧಿ 10 ರೂಪಾಯಿ ಚೀಟಿ ಸ್ಪೆಸಿಮೆನ್ ಎಂದು ಬಂದರೆ ಎಷ್ಟು ಪರೀಕ್ಷೆ ಮಾಡಿದರೂ ಹೆಚ್ಚಲ್ಲ.

365 ನ್ಯಾನೊಮೀಟರಿನ ಯುವಿ ಟಾರ್ಚ್ ಕೂಡ ಜೊತೆಗಿರಲಿ. ಕಾಗದಕ್ಕೆ ಹೊಳಪು ಬರಿಸುವ ರಾಸಾಯನಿಕ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. 1890ರ ಕಾರ್ಡು ಕತ್ತಲಲ್ಲಿ ಬಿಳಿನೀಲಿಯಾಗಿ ಬೆಳಗಿದರೆ ಅದು ಮರುಮುದ್ರಣ, ಇಲ್ಲವೇ ತೇಪೆ. ಕಾಗದದೊಳಗಿನ ನೀರ್ಗುರುತು (ವಾಟರ್ ಮಾರ್ಕ್) ನೋಡಲು ಲೈಟರ್ ದ್ರವ ಬಳಸುವವರಿದ್ದಾರೆ. ಫೋಟೊಗ್ರಾವ್ಯೂರ್ (ಕೊರೆದ ಸಿಲಿಂಡರಿನಿಂದ ಅಚ್ಚು ಹಾಕುವ ಬಗೆ) ಚೀಟಿಗೂ ಕೈಮೊಹರಿಗೂ ಅದನ್ನು ಮುಟ್ಟಿಸಬೇಡಿ. ಭಾರತದ ಚೀಟಿಗಳಲ್ಲಿ 1865ರ ಆನೆತಲೆ, ಆಮೇಲಿನ ಒಂಟಿ ನಕ್ಷತ್ರ, 1926ರ ಹಲವು ನಕ್ಷತ್ರಗಳ ಗುರುತು ಬೆಳಕಿಗೆ ಹಿಡಿದರೇ ಬಹುಪಾಲು ಕಾಣುತ್ತದೆ.

ಕಾರ್ಡು, ಕವರುಗಳ ಬಗ್ಗೆ ಕಡಿಮೆ ಜನ ಯೋಚಿಸುತ್ತಾರೆ, ಹಾಗಾಗಿ ಒಳ್ಳೆಯವು ಇನ್ನೂ ಸಿಗುತ್ತವೆ. ನಮ್ಮ ಕಾಲಾಣೆ ಕಾರ್ಡು 1879ರ ಜುಲೈ 1ಕ್ಕೆ ಬಂತು. ಉತ್ತರಕ್ಕೆಂದು ಇನ್ನೊಂದು ಕಾರ್ಡು ಕೂಡಿರುವ ಜವಾಬಿ ಕಾರ್ಡಿನ ಎರಡು ಭಾಗ ಕೂಡಿಕೊಂಡೇ ಇರಬೇಕು, ಮಡಿಕೆಯನ್ನು ಪದೇಪದೇ ಬಿಚ್ಚಿದರೆ ಅಲ್ಲೇ ಹರಿಯುತ್ತದೆ. ಅದನ್ನು ನಾನು ಬಿಚ್ಚಿಟ್ಟೇ ಜೋಡಿಸುತ್ತೇನೆ. ರಿಜಿಸ್ಟರ್ಡ್ ಕವರಿನ ಮುಚ್ಚಳದ ಗೋಂದು ನಮ್ಮ ಮಳೆಗೆ ತಾನಾಗಿ ಅಂಟಿಕೊಳ್ಳುತ್ತದೆ, ನಡುವೆ ಪಾಲಿಯೆಸ್ಟರ್ ಹಾಳೆಯ ಪಟ್ಟಿ ಇಡಬೇಕು. ಮುದ್ರೆಯ ಭಾಗವನ್ನು ಚೌಕಾಕಾರಕ್ಕೆ ಕತ್ತರಿಸಿದ ಕಾರ್ಡನ್ನು ನಾನು ಕೊಳ್ಳುವುದಿಲ್ಲ.

ಇಡುವ ಜಾಗ. ಕೆಂಪುಕಲ್ಲಿನ ಹೊರಗೋಡೆಗೆ ಕಪಾಟು ತಾಗಬಾರದು, ನಾಲ್ಕು ಇಂಚು ಬಿಡಿ. ಜೂನಿನಿಂದ ಸೆಪ್ಟೆಂಬರ್ ವರೆಗೆ ಇಲ್ಲಿ ಗಾಳಿಯ ತೇವ ಶೇಕಡಾ 85 ದಾಟುವುದು ಮಾಮೂಲು. 65-70ರ ಮೇಲೆ ಹೋದರೆ ಗೋಂದು ಮೆತ್ತಗಾಗತೊಡಗುತ್ತದೆ. 20 ಲೀಟರಿನ ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಗೆ 250 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ, ಒಳಗೊಂದು ಸಣ್ಣ ತೇವಮಾಪಕ ಇಟ್ಟು 45-55ರ ನಡುವೆ ಕಾಯುತ್ತೇನೆ. ಜೆಲ್ ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಒಳಗಿಡಬೇಕು. ಬಟ್ಟೆ ಚೀಲದಲ್ಲಿ ಹಾಕದಿದ್ದರೆ ಅದರ ಪುಡಿ ಚೀಟಿಯನ್ನು ಗೀರುತ್ತದೆ. ಆಲ್ಬಮ್ ನಿಲ್ಲಿಸಿಡಿ, ಮಲಗಿಸಿ ಪೇರಿಸಿದರೆ ಭಾರಕ್ಕೆ ಅಂಟುತ್ತದೆ. ಪಿವಿಸಿ ಪಾಕೆಟ್ ಬೇಡವೇ ಬೇಡ, ನುಸಿಗುಳಿಗೆಯೂ ಬೇಡ.

ಕೊಳ್ಳುವ ಮುಂಚೆ ಮಾರುವವರಿಂದ ಬೆನ್ನಿನ ಸ್ಕ್ಯಾನ್ ಕೇಳಿ, ಯಾವ ದಫ್ತರದ್ದು, ಅದು ಕಾನೂನುಬದ್ಧವಾಗಿ ವಿಲೇವಾರಿಯಾದದ್ದೇ ಎಂದು ಬರಹದಲ್ಲಿ ಪಡೆಯಿರಿ. ಸರ್ಕಾರಿ ಗ್ರಂಥಾಲಯದ ಮೊಹರಿದ್ದು, ವಿಲೇವಾರಿಯ ಗುರುತಿಲ್ಲದಿದ್ದರೆ ಎಷ್ಟೇ ಅಪರೂಪವಾದರೂ ಬಿಟ್ಟುಬಿಡಿ. ಬಂದ ದಿನವೇ ಎರಡೂ ಬದಿ ಸ್ಕ್ಯಾನ್ ಮಾಡಿ, ಹರಾಜಿನ ಲಾಟ್ ಸಂಖ್ಯೆ ಮತ್ತು ರಸೀದಿಯನ್ನು ಅದೇ ಫೋಲ್ಡರಿನಲ್ಲಿ ಉಳಿಸಿ. ಆಲ್ಬಮ್ ಹಾಳೆಯಲ್ಲಿ ಬೆನ್ನಿನ ಚಿತ್ರವನ್ನು ಅರ್ಧ ಅಳತೆಗೆ ಮುದ್ರಿಸಿ ಚೀಟಿಯ ಕೆಳಗೇ ಹಾಕುತ್ತೇನೆ, ನೋಡುವವರು ಚೀಟಿ ಮುಟ್ಟುವ ಅಗತ್ಯ ಬೀಳುವುದಿಲ್ಲ.