ಹೊಸ ಉತ್ಪನ್ನಕ್ಕೆ ಸರಿಯಾದ ತಯಾರಕರನ್ನು ಹುಡುಕುವುದು ಹೇಗೆ?

ಹೊಸ ವಸ್ತುವಿನ ಮಾದರಿ ತಯಾರಾದ ಕೂಡಲೇ ಹತ್ತು ಕಾರ್ಖಾನೆಗಳಿಗೆ ಫೋಟೊ ಕಳಿಸಿ 'ರೇಟ್ ಎಷ್ಟು?' ಎಂದು ಕೇಳುವವರೇ ಜಾಸ್ತಿ. ಫೋಟೊ ನೋಡಿ ಹೇಳಿದ ರೇಟನ್ನು ನಂಬಬೇಡಿ. ಒಬ್ಬರು 2 ಮಿಲಿಮೀಟರ್ ದಪ್ಪವೆಂದು ಲೆಕ್ಕ ಹಾಕಿರುತ್ತಾರೆ, ಇನ್ನೊಬ್ಬರು ಒಂದೂವರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಏನು ಪ್ರಯೋಜನ?

ಹಾಗಾಗಿ ಮೊದಲ ಕೆಲಸ, ನಿಮಗೆ ಬೇಕಾದ್ದನ್ನೆಲ್ಲ ಬರೆದಿಡುವುದು. ಅಳತೆ, ಆ ಅಳತೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಯಾವ ವಸ್ತು, ಯಾವ ಬಣ್ಣ, ಪ್ಯಾಕಿಂಗ್ ಹೇಗಿರಬೇಕು, ಮಾರುವ ಕಡೆಯ ಸುರಕ್ಷತಾ ನಿಯಮಗಳೇನು ಎಲ್ಲವೂ ಅದರಲ್ಲಿರಲಿ. ಸುಮ್ನೆ 'ಬಿಳಿ ಪ್ಲಾಸ್ಟಿಕ್' ಎಂದರೆ ಸಾಲದು. ಮತ್ತೆ ಮತ್ತೆ ತೆರೆದು ಮುಚ್ಚುವ ಮುಚ್ಚಳ, ಡಬ್ಬಿಯ ಜೊತೆ ಒಂದೇ ತುಂಡಾಗಿ ಬರಬೇಕೆಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಒಳ್ಳೆಯದು. ಎಬಿಎಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಗಟ್ಟಿಯಾದರೂ ಮಡಿಚುವ ಜಾಗದಲ್ಲಿ ಬೇಗ ಬಿರುಕು ಬಿಡುತ್ತದೆ. ಇನ್ನೊಂದು ಮಾತು: ಎಲ್ಲ ಅಳತೆಗೂ ಕಟ್ಟುನಿಟ್ಟು ಹಾಕಬೇಡಿ, ಖರ್ಚು ಏರುತ್ತದೆ. ಎರಡು ಭಾಗ ಕೂಡುವ ಕಡೆ ಬಿಗಿ ಇರಲಿ, ಉಳಿದ ಕಡೆ ಸಡಿಲ ಬಿಡಿ.

ಪೇಟೆಂಟ್ ಪಡೆಯುವ ಯೋಚನೆ ಇದ್ದರೆ ಯಾರಿಗಾದರೂ ತೋರಿಸುವ ಮೊದಲೇ ಅರ್ಜಿ ಹಾಕಿ. ಬಹಳಷ್ಟು ದೇಶಗಳಲ್ಲಿ, ಒಮ್ಮೆ ಬಹಿರಂಗವಾದ ಹೊಸತನಕ್ಕೆ ಆಮೇಲೆ ಪೇಟೆಂಟ್ ಸಿಗುವುದು ಕಷ್ಟ. ಡ್ರಾಯಿಂಗ್ ಕೊಡುವ ಮುಂಚೆ ಗೋಪ್ಯತೆಯ ಒಪ್ಪಂದಕ್ಕೂ ಸಹಿ ಹಾಕಿಸಿಕೊಳ್ಳಿ.

ಈಗ ಐದಾರು ಹೆಸರು ಆರಿಸಿ. ಅವರು ಸ್ವತಃ ತಯಾರಿಸುತ್ತಾರೋ, ಬೇರೆಯವರಿಂದ ಮಾಡಿಸಿ ಕೊಡುತ್ತಾರೋ ಎಂದು ನೇರವಾಗಿ ಕೇಳಿ. ಮಧ್ಯವರ್ತಿ ಎಂದರೆ ಕೆಟ್ಟವರು ಅಂತಲ್ಲ, ಆದರೆ ನಿಮ್ಮ ವಸ್ತು ಯಾರ ಮೆಷಿನ್ನಿನಲ್ಲಿ ತಯಾರಾಗುತ್ತದೆ ಎಂಬುದು ನಿಮಗೆ ಗೊತ್ತಿರಬೇಕು ಅಲ್ವಾ? ಕಾರ್ಖಾನೆಯ ಗಾತ್ರವನ್ನೂ ನೋಡಿ. ತೀರಾ ದೊಡ್ಡ ಕಡೆ ಸಣ್ಣ ಆರ್ಡರ್ ಹಿಂದೆ ಬೀಳುತ್ತದೆ. ಐಎಸ್‌ಒ 9001 ಪ್ರಮಾಣಪತ್ರ ಇದ್ದರೆ ಒಳ್ಳೆಯದೇ. ಆದರೆ ಅದು ಹೇಳುವುದು ಗುಣಮಟ್ಟ ಕಾಯುವ ಒಂದು ವ್ಯವಸ್ಥೆ ಅಲ್ಲಿದೆ ಎಂದಷ್ಟೇ. ನಿಮ್ಮ ವಸ್ತು ಚೆನ್ನಾಗಿ ಬರುತ್ತದೆ ಎಂಬ ಖಾತರಿ ಅದಲ್ಲ.

ಕೊಟೇಷನ್ ಬಂದಾಗ ನಾನು ಬೆಲೆಗಿಂತ ಮೊದಲು ನೋಡುವುದು, ಅವರು ತಿರುಗಿ ಕೇಳಿದ ಪ್ರಶ್ನೆಗಳನ್ನು. 'ಈ ಗೋಡೆ ನೆಟ್ಟಗಿದೆ, ಅಚ್ಚಿನಿಂದ ಸಲೀಸಾಗಿ ಬಿಡುವುದಿಲ್ಲ, ಸ್ವಲ್ಪ ಇಳಿಜಾರು ಕೊಡೋಣವೇ?' 'ಇಲ್ಲಿ ತುಂಬಾ ದಪ್ಪವಿದೆ, ತಣ್ಣಗಾದಾಗ ಮೇಲ್ಮೈ ಗುಳಿ ಬೀಳುತ್ತದೆ.' ಹೀಗೆ ಹೇಳುವವರು ನಿಮ್ಮ ಡ್ರಾಯಿಂಗ್ ಓದಿದ್ದಾರೆ. ಎಲ್ಲದಕ್ಕೂ 'ಆಗುತ್ತೆ, ಆಗುತ್ತೆ' ಎನ್ನುವವರು ಬಹುಶಃ ಓದಿಲ್ಲ. ರೇಟು ಸ್ವಲ್ಪ ಜಾಸ್ತಿಯಾದರೂ ನನ್ನ ಒಲವು ಪ್ರಶ್ನೆ ಕೇಳುವವರ ಕಡೆಗೇ.

ಆಮೇಲೆ ಸ್ಯಾಂಪಲ್. ಇಲ್ಲಿ ಎಚ್ಚರ ಬೇಕು. ಮೊದಲ ಸ್ಯಾಂಪಲನ್ನು ನುರಿತ ಕೆಲಸಗಾರರೊಬ್ಬರು ಕೈಯಲ್ಲೇ ತಿದ್ದಿ ತೀಡಿರಬಹುದು. ನಿಮಗೆ ಬೇಕಾದ್ದು ನಿಜವಾದ ಅಚ್ಚಿನಲ್ಲಿ, ನಿಜವಾದ ವಸ್ತುವಿನಲ್ಲಿ, ಮಾಮೂಲಿ ವೇಗದಲ್ಲಿ ಬಂದ ತುಂಡು. ಅದನ್ನು ಬೀಳಿಸಿ, ಬಿಸಿಲಲ್ಲಿಡಿ, ಅಳೆದು ನೋಡಿ. ಒಪ್ಪಿಗೆಯಾದರೆ ಇಬ್ಬರೂ ಸಹಿ ಮಾಡಿ, ಒಂದು ನಿಮ್ಮಲ್ಲಿ, ಒಂದು ಅವರಲ್ಲಿ ಇರಲಿ. ಮುಂದೆ ತಕರಾರು ಬಂದರೆ ಅದೇ ಅಳತೆಗೋಲು.

ಸಾಧ್ಯವಾದರೆ ಕಾರ್ಖಾನೆಗೆ ಹೋಗಿ. ಸ್ವಾಗತದ ಕೋಣೆಯಲ್ಲೇ ಕೂತು ವಾಪಸ್ ಬರಬೇಡಿ. ರಿಜೆಕ್ಟ್ ಆದ ಮಾಲನ್ನು ಬೇರೆಯಾಗಿ, ಚೀಟಿ ಅಂಟಿಸಿ ಇಟ್ಟಿದ್ದಾರಾ? ಅಳತೆಯ ಉಪಕರಣಗಳನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಿದ್ದಾರೆ? ಕೆಟ್ಟ ತುಂಡು ಕಂಡರೆ ಏನು ಮಾಡುತ್ತೀರಿ ಎಂದು ಮೆಷಿನ್ ಮುಂದೆ ನಿಂತವರನ್ನೇ ಕೇಳಿ. ಹೋಗಲಾಗದಿದ್ದರೆ ಮೂರನೆಯವರಿಂದ ತಪಾಸಣೆ ಮಾಡಿಸಬಹುದು.

ಒಪ್ಪಂದದಲ್ಲಿ ಹೆಚ್ಚಿನವರು ಮರೆಯುವುದು ಅಚ್ಚಿನ ಮಾಲೀಕತ್ವ. ದುಡ್ಡು ನಿಮ್ಮದಾದರೆ ಅಚ್ಚು ನಿಮ್ಮದು, ಬೇಕೆಂದಾಗ ತೆಗೆದುಕೊಂಡು ಹೋಗಬಹುದು ಎಂದು ಸ್ಪಷ್ಟವಾಗಿ ಬರೆಸಿ. ನಿಮ್ಮನ್ನು ಕೇಳದೆ ವಸ್ತು ಬದಲಿಸಬಾರದು, ಕೆಲಸವನ್ನು ಹೊರಗೆ ಕೊಡಬಾರದು ಎಂಬುದೂ ಇರಲಿ. ಶೇ 30 ಮುಂಗಡ, ಉಳಿದ ಶೇ 70 ಮಾಲು ಹೊರಡುವ ಮುನ್ನ ಎಂಬುದು ಚಾಲ್ತಿಯಲ್ಲಿರುವ ಒಂದು ರೀತಿ. ತಪಾಸಣೆಯಲ್ಲಿ ಪಾಸಾದ ಮೇಲಷ್ಟೇ ಆ 70 ಕೊಡುವುದು ಎಂದು ಸೇರಿಸಿ.

ಬ್ಯಾಚ್‌ನಿಂದ ಎಷ್ಟು ತುಂಡು ಆರಿಸಿ ನೋಡಬೇಕು, ಎಷ್ಟು ದೋಷದವರೆಗೆ ಒಪ್ಪಬಹುದು ಎಂದು ಹೇಳುವ ಐಎಸ್‌ಒ 2859-1 ಎಂಬ ಮಾನದಂಡವಿದೆ. ಉದಾಹರಣೆಗೆ 2,000 ತುಂಡುಗಳ ಬ್ಯಾಚ್‌ಗೆ ಸಾಮಾನ್ಯ ಮಟ್ಟದ ತಪಾಸಣೆಯಲ್ಲಿ 125 ತುಂಡು ಆರಿಸುತ್ತಾರೆ. ದೋಷಕ್ಕೆ 2.5ರ ಮಿತಿ (ಎಕ್ಯೂಎಲ್, ಅಂದರೆ ಒಪ್ಪಬಹುದಾದ ಗುಣಮಟ್ಟದ ಮಿತಿ) ಹಾಕಿಕೊಂಡಿದ್ದರೆ, ಆ ಮಾನದಂಡದ ಪಟ್ಟಿಯ ಪ್ರಕಾರ 7 ದೋಷದವರೆಗೆ ಪಾಸು, 8 ಆದರೆ ಇಡೀ ಬ್ಯಾಚ್ ತಿರಸ್ಕೃತ. ಜೀವಕ್ಕೆ ಅಪಾಯ ತರುವ ದೋಷವಾದರೆ ಒಂದನ್ನೂ ಒಪ್ಪಬೇಡಿ.

ಮೊದಲ ಆರ್ಡರ್ ಚಿಕ್ಕದಿರಲಿ, ತುಂಡಿಗೆ ನಾಲ್ಕು ಕಾಸು ಜಾಸ್ತಿ ಬಿದ್ದರೂ ಸರಿ. ಎರಡನೇ ಸ್ಥಾನದಲ್ಲಿ ನಿಂತ ತಯಾರಕರಿಗೂ ವಿಷಯ ತಿಳಿಸಿ, ಸಂಪರ್ಕ ಉಳಿಸಿಕೊಳ್ಳಿ. ಮೊದಲನೆಯವರ ಮೆಷಿನ್ ಕೆಟ್ಟರೆ ಅಚ್ಚನ್ನು ಈ ಎರಡನೆಯವರಲ್ಲಿಗೆ ಸಾಗಿಸಬಹುದು.