ಪ್ರಾದೇಶಿಕ ಪಕ್ಷವೊಂದರ ಏಳುಬೀಳನ್ನು ಅಧ್ಯಯನ ಮಾಡುವ ಕ್ರಮ: ಕರ್ನಾಟಕ ಜನತಾ ಪಕ್ಷದ ನಿದರ್ಶನ

ಸಣ್ಣ ಪ್ರಾದೇಶಿಕ ಪಕ್ಷವೊಂದು ಹುಟ್ಟಿ ಅಳಿದುದನ್ನು ನಾಯಕರ ಮುನಿಸು ಮತ್ತು ರಾಜಿಯ ಕಥೆಯಾಗಿ ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಹಾಗೆ ಹೇಳಿದಾಗ ಆ ಪಕ್ಷಕ್ಕೆ ಮತ ಹಾಕಿದ ಜನರೇ ಕಥೆಯಿಂದ ಬಿಟ್ಟುಹೋಗುತ್ತಾರೆ. ಅವರನ್ನು ಒಳಗೊಂಡು ಬರೆಯಬಯಸುವವರು ಕರ್ನಾಟಕ ಜನತಾ ಪಕ್ಷವನ್ನು (ಕೆಜೆಪಿ) ಅಭ್ಯಾಸಕ್ಕೆ ಎತ್ತಿಕೊಳ್ಳಬಹುದು.

ಮೊದಲು ದಿನಾಂಕಗಳನ್ನು ಸಾಲಾಗಿ ಬರೆದುಕೊಳ್ಳಿ. ಬಿ. ಎಸ್. ಯಡಿಯೂರಪ್ಪನವರು 2012ರ ನವೆಂಬರ್ 30ರಂದು ಬಿಜೆಪಿಗೆ ರಾಜೀನಾಮೆ ಕೊಟ್ಟು, ಮೊದಲೇ ನೋಂದಣಿಯಾಗಿದ್ದ ಕೆಜೆಪಿಯ ಚುಕ್ಕಾಣಿ ಹಿಡಿದು, ಡಿಸೆಂಬರ್ 9ರಂದು ಹಾವೇರಿಯಲ್ಲಿ ಸಮಾವೇಶ ನಡೆಸಿದರು. 2013ರ ಮೇ 5ರಂದು ವಿಧಾನಸಭಾ ಚುನಾವಣೆಯ ಮತದಾನವಾಯಿತು. 2014ರ ಜನವರಿಯಲ್ಲಿ ಪಕ್ಷ ಬಿಜೆಪಿಯೊಂದಿಗೆ ವಿಲೀನವಾಯಿತು. ಸಮಾವೇಶಕ್ಕೂ ಮತದಾನಕ್ಕೂ ನಡುವೆ ಐದು ತಿಂಗಳೂ ಇರಲಿಲ್ಲವೆಂಬುದನ್ನು ಗುರುತು ಹಾಕಿಕೊಳ್ಳಿ. ಬೂತ್ ಮಟ್ಟದ ಸಂಘಟನೆ ಬೇರೂರುವುದಕ್ಕೆ ಅಷ್ಟು ಕಾಲ ಸಾಲದು.

ಬಳಿಕ ಚುನಾವಣಾ ಆಯೋಗದ ಅಂಕಿ-ಅಂಶ ವರದಿಯನ್ನು ತೆರೆದು, ಸ್ಥಾನಗಳಿಗಿಂತ ಮೊದಲು ಮತಪ್ರಮಾಣವನ್ನು ನೋಡಿ. ಕೆಜೆಪಿ ಗೆದ್ದದ್ದು 6 ಸ್ಥಾನ, ಪಡೆದದ್ದು ಸುಮಾರು ಶೇ. 9.8 ಮತ. ಬಿಜೆಪಿ 2008ರಲ್ಲಿ ಸುಮಾರು ಶೇ. 34 ಮತದೊಂದಿಗೆ 110 ಸ್ಥಾನ ಗೆದ್ದಿತ್ತು. 2013ರಲ್ಲಿ ಅದು ಶೇ. 20ರ ಆಸುಪಾಸಿಗೂ 40 ಸ್ಥಾನಕ್ಕೂ ಇಳಿಯಿತು. ಈ ಎರಡು ಪಕ್ಷಗಳ ಜೊತೆಗೆ ಬಿಜೆಪಿಯನ್ನು ಬಿಟ್ಟು ಬಂದಿದ್ದ ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ಸಿನ ಸುಮಾರು ಶೇ. 2.7 ಮತವನ್ನೂ ಕೂಡಿಸಿದರೆ ಮೊತ್ತ ಹಳೆಯ ಪ್ರಮಾಣದ ಹತ್ತಿರಕ್ಕೆ ಬರುತ್ತದೆ. ಹಳೆಯ ಮತ ಮೂರು ಪಾಲಾಯಿತೆಂಬುದಕ್ಕೆ ಇದು ಬಲವಾದ ಸೂಚನೆ. ಆದರೆ ಒಬ್ಬೊಬ್ಬ ಮತದಾರ ಎಲ್ಲಿಂದ ಎಲ್ಲಿಗೆ ಹೋದನೆಂಬುದಕ್ಕೆ ಮೊತ್ತವೊಂದೇ ಸಾಕ್ಷಿಯಾಗದು. ಅದಕ್ಕಾಗಿ ಮತಗಟ್ಟೆವಾರು ಲೆಕ್ಕವಿರುವ ನಮೂನೆ 20ನ್ನು ಹಿಡಿದು, ಪಕ್ಷ ಗೆದ್ದ ಶಿಕಾರಿಪುರ, ಹಿರೇಕೆರೂರು, ಆಳಂದಗಳಲ್ಲಷ್ಟೇ ಅಲ್ಲದೆ, ಅದು ಸೋತರೂ ಬಿಜೆಪಿಯ ಸೋಲಿನ ಅಂತರಕ್ಕಿಂತ ಹೆಚ್ಚು ಮತ ಪಡೆದ ಕ್ಷೇತ್ರಗಳಲ್ಲಿಯೂ ಹುಡುಕಬೇಕು. ಈ ಕೆಲಸಕ್ಕೆ ವಾರಗಟ್ಟಲೆ ಹಿಡಿದರೂ ಅವಸರಪಡಬಾರದು. 2008ಕ್ಕೂ 2013ಕ್ಕೂ ಕ್ಷೇತ್ರಗಳ ಗಡಿ ಒಂದೇ ಆಗಿರುವುದರಿಂದ ಹೋಲಿಕೆ ನಿಲ್ಲುತ್ತದೆ. 2004ರ ಅಂಕಿಗಳನ್ನು ಮಾತ್ರ ಇದಕ್ಕೆ ಬೆರೆಸಬೇಡಿ, ಏಕೆಂದರೆ ನಡುವೆ ಕ್ಷೇತ್ರ ಪುನರ್ವಿಂಗಡಣೆಯಾಗಿದೆ.

ಶೇ. 6 ಮತ ಮತ್ತು ಇಬ್ಬರು ಶಾಸಕರು ರಾಜ್ಯ ಪಕ್ಷದ ಮಾನ್ಯತೆಗಿರುವ ಅಳತೆಗಳಲ್ಲೊಂದು. ಕೆಜೆಪಿ ಅದನ್ನು ದಾಟಿದ್ದರೂ ಎಂಟು ತಿಂಗಳಲ್ಲಿ ಕರಗಿತು. ಆದ್ದರಿಂದ ಮತ ಸಾಲದೆ ಅದು ಅಳಿಯಿತೆಂದು ನಾನು ಒಪ್ಪುವುದಿಲ್ಲ. ನಾಯಕನೊಬ್ಬನ ಹೊರತು ಅದನ್ನು ಹಿಡಿದು ನಿಲ್ಲಿಸುವ ಕೈಗಳು ಅದರಲ್ಲಿರಲಿಲ್ಲ. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ 10 ಸ್ಥಾನ ಗೆದ್ದೂ ನೆಲೆ ನಿಲ್ಲದಿದ್ದುದನ್ನು ಪಕ್ಕದಲ್ಲಿಟ್ಟು ನೋಡಿ.

ವಿಲೀನವನ್ನು ಬರೆಯುವಾಗ ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೆಯ ಅನುಸೂಚಿಯನ್ನು ಓದಿಕೊಳ್ಳಿ: ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು, ಅಂದರೆ ಇಲ್ಲಿ ಆರರಲ್ಲಿ ನಾಲ್ವರು, ಒಪ್ಪಿರಬೇಕಾಗುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ 28ರಲ್ಲಿ 17 ಸ್ಥಾನ ಗೆದ್ದಿತು. ಆದರೆ ಆ ವರ್ಷ ದೇಶದಾದ್ಯಂತ ನರೇಂದ್ರ ಮೋದಿಯವರ ಪರ ಅಲೆಯೂ ಇದ್ದುದರಿಂದ ಗೆಲುವನ್ನೆಲ್ಲ ವಿಲೀನದ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ. ಕೊನೆಗೆ, ತೆಂಗಿನಕಾಯಿ ಚಿಹ್ನೆಯನ್ನು ಹಿಡಿದು ಮನೆಮನೆ ತಿರುಗಿದ ತಾಲ್ಲೂಕು ಕಾರ್ಯಕರ್ತರನ್ನು ಕಂಡು, ವಿಲೀನದ ಸುದ್ದಿ ಅವರಿಗೆ ಯಾರಿಂದ, ಯಾವಾಗ ತಿಳಿಯಿತೆಂದು ಕೇಳಿ ಬರೆದುಕೊಳ್ಳಿ. ಆಯೋಗದ ಯಾವ ವರದಿಯಲ್ಲೂ ಅದು ಸಿಗುವುದಿಲ್ಲ.